ಪಬ್‌ನಲ್ಲಿ ಭಾನುವಾರದ ಬ್ರಂಚ್: ಮನೆಮಂದಿಯೆಲ್ಲ ಹೋಗಿ ಬೇಸರಪಟ್ಟು ಬಂದೆವು

ಮೊಗಸಾಲೆ:

ನಮ್ಮ ಬೀದಿಯ ತಿರುವಿನಲ್ಲಿ ಒಂದು ಪಬ್ ಇದೆ. ಸಂಜೆ ಹೊತ್ತಿಗೆ ಒಳ್ಳೆಯ ಜಾಗ ಎಂದು ಹೆಸರು. ಈಚೆಗೆ ಶನಿವಾರ, ಭಾನುವಾರ ಬ್ರಂಚ್ (ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಒಂದಾದದ್ದು) ಕೂಡ ಆರಂಭಿಸಿದ್ದಾರೆ. ಬಾಗಿಲ ಬಳಿಯ ಫಲಕದಲ್ಲಿ ‘ಮಕ್ಕಳಿಗೂ ಹಿರಿಯರಿಗೂ ಸ್ವಾಗತ’ ಎಂದು ಬರೆದಿದ್ದಾರೆ. ಅದನ್ನು ನಂಬಿ ಕಳೆದ ಭಾನುವಾರ ಎಲ್ಲರೂ ಹೋದೆವು: ನಾನು, ನನ್ನ ಗಂಡ, ಮಕ್ಕಳಿಬ್ಬರು, ಮಾವ, ರಜೆಗೆ ಬಂದಿದ್ದ ನಾದಿನಿ. ನಾದಿನಿಗೆ ಹೊಸ ಕೆಲಸ ಸಿಕ್ಕಿದ ಸಂತೋಷಕ್ಕೆ ಮಾವನೇ ಎಲ್ಲರನ್ನೂ ಕರೆದುಕೊಂಡು ಹೋದದ್ದು. ಅದಕ್ಕೇ ನಡೆದದ್ದು ಮನಸ್ಸಿನಿಂದ ಇನ್ನೂ ಇಳಿದಿಲ್ಲ.

ಮಾವ ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ, ಗದ್ದಲವಿಲ್ಲದ ಕಡೆ ಮೇಜು ಕೊಡಿ ಎಂದು ಕಾದಿರಿಸುವಾಗಲೇ ಕೇಳಿಕೊಂಡಿದ್ದೆ. ಕೊಟ್ಟದ್ದು ಸ್ಪೀಕರಿನ ಕೆಳಗಿನ ಮೇಜು. ಬೇರೆ ಮೇಜು ಖಾಲಿ ಇಲ್ಲ ಎಂದರು. ಸಂಗೀತವನ್ನಾದರೂ ಸ್ವಲ್ಪ ತಗ್ಗಿಸಿ ಎಂದರೆ ಆಗಲಿ ಎಂದು ತಲೆಯಾಡಿಸಿ ಹೋದರು, ತಗ್ಗಿಸಲಿಲ್ಲ.

ಆರ್ಡರ್ ಬರೆದುಕೊಂಡ ಹುಡುಗಿ ನಗುಮುಖದವಳೇ. ಅದಾದ ಮೇಲೆ ಮುಕ್ಕಾಲು ಗಂಟೆ ನಮ್ಮ ಕಡೆ ಯಾರೂ ತಲೆ ಹಾಕಲಿಲ್ಲ. ಎರಡು ಸಲ ಕರೆದು ಕೇಳಿದೆವು. ಎರಡು ಸಲವೂ ‘ಇನ್ನೇನು ಬಂತು’ ಎಂಬ ಉತ್ತರ. ಐದು ವರ್ಷದ ಮಗಳು ಸಕ್ಕರೆ ಪೊಟ್ಟಣಗಳನ್ನೆಲ್ಲ ಹರಡಿ, ಬಣ್ಣದ ಪ್ರಕಾರ ಜೋಡಿಸಿ, ಮತ್ತೆ ಕೆಡವಿ ಕೊನೆಗೆ ಹಸಿವಿನಿಂದ ಅಳಲು ತೊಡಗಿದಳು.

ಬಂದ ಊಟದ ಕಥೆ ಹೀಗೆ. ನನ್ನದು ಮಫಿನ್ ಬ್ರೆಡ್ಡಿನ ಮೇಲೆ ಪೋಚ್ ಮಾಡಿದ (ಚಿಪ್ಪು ಒಡೆದು ಬಿಸಿನೀರಿನಲ್ಲಿ ಬೇಯಿಸಿದ) ಮೊಟ್ಟೆ, ಅದರ ಮೇಲೆ ಬೆಣ್ಣೆ, ಮೊಟ್ಟೆಯ ಹಳದಿ ಸೇರಿಸಿ ಮಾಡುವ ಹಾಲಂಡೇಸ್ ಸಾಸ್. ತಟ್ಟೆ ಬೆರಳು ಸುಡುವಷ್ಟು ಬಿಸಿ. ಮೊಟ್ಟೆಗೆ ಚಾಕು ಹಾಕಿದರೆ ಹಳದಿ ಹರಿಯಲಿಲ್ಲ, ಪುಡಿಪುಡಿಯಾಗಿ ಉದುರಿತು. ಸಾಸಿನ ಮೇಲೆ ಪದರ ಕಟ್ಟಿತ್ತು, ಅಂಚಿನಲ್ಲಿ ಬೆಣ್ಣೆ ಬೇರೆಯಾಗಿ ನಿಂತಿತ್ತು. ಮಗನ ಪ್ಯಾನ್‌ಕೇಕ್ ಹೊರಗೆ ಕಂದು ಬಣ್ಣ, ಒಳಗೆ ಹಸಿ ಹಿಟ್ಟು. ಆಲೂಗಡ್ಡೆ ಮೆತ್ತಗಾಗಿತ್ತು. ನನ್ನ ಗಂಡನ ತಟ್ಟೆ ಬಂದದ್ದು ನಾವೆಲ್ಲ ತಿಂದು ಮುಗಿಸಿದ ಮೇಲೆ.

ಮ್ಯಾನೇಜರ್ ಅಷ್ಟು ಹೊತ್ತೂ ಬಾರ್ ಕಟ್ಟೆಯ ಹಿಂದೆಯೇ ಇದ್ದರು. ಬಿಲ್ಲಿನಲ್ಲಿ ಸೇವಾ ಶುಲ್ಕ ತಾನಾಗಿಯೇ ಸೇರಿತ್ತು. ಮಾವ ಏನೂ ಅನ್ನದೆ ಕೊಟ್ಟರು. ಊಟದ ನಡುವೆಯೇ ಅವರು ಶ್ರವಣ ಸಾಧನವನ್ನು ಕಿವಿಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. ಮಗಳು ತನ್ನ ಹೊಸ ಕೆಲಸದ ವಿಷಯ ಹೇಳುತ್ತಿದ್ದಾಗ ಅವರಿಗೆ ಒಂದು ಮಾತೂ ಕೇಳಿಸಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಪಬ್‌ನಿಂದ ಇಷ್ಟು ಬಯಸುವುದು ಹೆಚ್ಚಾಯಿತೇ?

ಮೂಲೆಮೇಜು:

ನಿಮಗೆ ಬೇಸರವಾದದ್ದು ಅರ್ಥವಾಗುತ್ತದೆ. ಆದರೆ ಪಬ್ ಎಂದರೆ ಪಬ್. ಅಲ್ಲಿ ಸಂಗೀತ ಇರುತ್ತದೆ, ಗದ್ದಲ ಇರುತ್ತದೆ. ವಾರವಿಡೀ ದುಡಿದು ಭಾನುವಾರ ಒಂದು ಲೋಟ ಹಿಡಿದು ಕೂರಲು ಬರುವ ನನ್ನಂಥವರಿಗೂ ಆ ಜಾಗ ಬೇಕು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಲು ಹೋಟೆಲುಗಳು ಬೇಕಾದಷ್ಟಿವೆ. ಬ್ರಂಚ್ ಹುಟ್ಟಿದ್ದೇ ರಾತ್ರಿ ತಡವಾಗಿ ಮಲಗಿದವರಿಗಾಗಿ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ ಇದರ ಪರವಾಗಿ ಲೇಖನ ಬರೆದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಶನಿವಾರ ರಾತ್ರಿ ಕುಡಿದು ಕುಣಿದವರೇ.

ಎರಡು ಜಡೆ:

ಮೂಲೆಮೇಜು ಅವರೇ, ಅದೇ ಲೇಖನದಲ್ಲಿ ಅವನು ಇನ್ನೊಂದು ವಿಷಯವನ್ನೂ ಹೇಳಿದ್ದಾನೆ: ಈ ಊಟ ಮನಸ್ಸನ್ನು ಹಗುರ ಮಾಡುತ್ತದೆ, ಜನರನ್ನು ಮಾತಿಗೆ ಎಳೆಯುತ್ತದೆ ಎಂದು. ಮಾತಾಡಲು ಆಗದಿದ್ದರೆ ಅದೆಂಥ ಬ್ರಂಚ್? ಇವರು ಹೇಳದೆ ಕೇಳದೆ ಮಕ್ಕಳನ್ನು ಎತ್ತಿಕೊಂಡು ನುಗ್ಗಿದವರಲ್ಲ. ಸ್ವಾಗತ ಎಂದು ಫಲಕ ಹಾಕಿದ್ದರು, ಇವರು ಮೊದಲೇ ಮೇಜು ಕಾದಿರಿಸಿದ್ದರು, ಕಿವಿಯ ವಿಷಯ ತಿಳಿಸಿದ್ದರು. ಮಕ್ಕಳು ಬೇಡವೆಂದರೆ ಹಾಗೆಯೇ ಬರೆಯಲಿ, ಯಾರೂ ಹೋಗುವುದಿಲ್ಲ. ಕರೆದು ಕೂರಿಸಿ ಹಸಿವಿನಿಂದ ಅಳಿಸುವುದು ತಪ್ಪು. ಎಳೆಯ ಮಕ್ಕಳ ತಟ್ಟೆ ಮೊದಲು ತರುವುದು ಬಡಿಸುವ ಕೆಲಸದ ಮೊದಲ ಪಾಠ ಎಂದುಕೊಂಡಿದ್ದೇನೆ.

ಬೆಂಕಿಮುಂದೆ:

ನಾನು ಅಡುಗೆಮನೆಯವನು. ಪಬ್‌ಗಳಲ್ಲೂ ಕೆಲಸ ಮಾಡಿದ್ದೇನೆ. ಮೊಗಸಾಲೆ ಅವರು ತಟ್ಟೆಯನ್ನು ಎಷ್ಟು ಚೆನ್ನಾಗಿ ವಿವರಿಸಿದ್ದಾರೆಂದರೆ ಒಳಗೆ ಏನು ನಡೆಯಿತೆಂದು ಹೆಚ್ಚುಕಡಿಮೆ ಹೇಳಬಹುದು.

ತಟ್ಟೆ ಸುಡುತ್ತಿತ್ತು, ಹಳದಿ ಗಟ್ಟಿಯಾಗಿತ್ತು, ಸಾಸ್ ಪದರ ಕಟ್ಟಿತ್ತು. ಇದು ಕೆಟ್ಟ ಅಡುಗೆಯ ಲಕ್ಷಣವಲ್ಲ, ಮಾಡಿ ಕಾಯಲು ಬಿಟ್ಟ ಅಡುಗೆಯ ಲಕ್ಷಣ. ನಿಮ್ಮ ತಟ್ಟೆ ಸರಿಯಾದ ಹೊತ್ತಿಗೇ ತಯಾರಾಗಿತ್ತು. ಆಮೇಲೆ ತಟ್ಟೆಗಳನ್ನು ಬಿಸಿಯಾಗಿಡುವ ದೀಪದ ಕೆಳಗೆ ನಿಂತಿತು. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಿಂದ ಗಟ್ಟಿಯಾಗತೊಡಗುತ್ತದೆ, ಹಳದಿ ಅದಕ್ಕಿಂತ ತುಸು ಮೇಲೆ, 65ರಿಂದ 70ರ ನಡುವೆ. ಪೋಚ್ ಮಾಡುವವನು ಈ ಸಣ್ಣ ಅಂತರದಲ್ಲಿ ಮೊಟ್ಟೆಯನ್ನು ಎತ್ತಬೇಕು. ದೀಪದ ಕೆಳಗೆ ನಿಂತ ಮೊಟ್ಟೆ ಬೇಯುತ್ತಲೇ ಇರುತ್ತದೆ. ಹಾಲಂಡೇಸ್ ಕೂಡ ಹಾಗೆಯೇ: ಮೊಟ್ಟೆಯ ಹಳದಿ ಕರಗಿದ ಬೆಣ್ಣೆಯ ಕಣಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ಹೆಚ್ಚಾದರೆ ಹಳದಿ ಒಡೆದು ಹಿಡಿತ ಬಿಡುತ್ತದೆ, ತಣ್ಣಗಾದರೆ ಬೆಣ್ಣೆ ಹೆಪ್ಪುಗಟ್ಟುತ್ತದೆ. ಬೆಣ್ಣೆ ಬೇರೆಯಾಗಿ ನಿಂತಿತ್ತೆಂದರೆ ಅದು ಬಹಳ ಹೊತ್ತು ಕಾದಿದೆ.

ಯಾರಿಗಾಗಿ ಕಾದಿತು? ನನ್ನ ಊಹೆ, ನಿಮ್ಮ ಯಜಮಾನರ ತಟ್ಟೆಗಾಗಿ. ಅವರ ಆರ್ಡರ್ ಚೀಟಿಯಲ್ಲಿ ತಪ್ಪಿಹೋಗಿದೆ, ಅಥವಾ ಬೇರೆ ಮೇಜಿಗೆ ಹೋಗಿದೆ. ಒಂದು ಮೇಜಿನ ತಟ್ಟೆಗಳೆಲ್ಲ ಒಟ್ಟಿಗೆ ಹೊರಡಬೇಕು ಎಂಬ ನಿಯಮಕ್ಕೆ ಉಳಿದ ಐದನ್ನೂ ತಡೆದಿಟ್ಟರು. ಯಾರೋ ಕೊನೆಗೆ ‘ಇದ್ದದ್ದನ್ನು ಕಳಿಸಿ’ ಎಂದರು. ಆಲೂಗಡ್ಡೆ ಮೆತ್ತಗಾದದ್ದೂ ಅದಕ್ಕೇ. ಕರಿದದ್ದು ದೀಪದ ಕೆಳಗೆ ತನ್ನ ಹಬೆಯಲ್ಲೇ ನೆನೆಯುತ್ತದೆ. ಪ್ಯಾನ್‌ಕೇಕ್ ಮಾತ್ರ ಬೇರೆ ಸಂಗತಿ. ಕಾವಲಿ ಹೆಚ್ಚು ಕಾದಿತ್ತು, ಕೈ ಅವಸರದಲ್ಲಿತ್ತು.

ಪಬ್‌ನ ಅಡುಗೆಮನೆ ಕರಿಯುವುದಕ್ಕೂ ರೋಸ್ಟ್ ಮಾಡುವುದಕ್ಕೂ ಅಣಿಯಾಗಿರುತ್ತದೆ. ರೋಸ್ಟ್ ಮಾಡಿದ ಮಾಂಸ ಅರ್ಧ ಗಂಟೆ ಕಾಯುತ್ತದೆ, ಕಾದರೆ ಇನ್ನೂ ಚೆನ್ನ. ಮೊಟ್ಟೆ ಎರಡು ನಿಮಿಷ ಕಾಯುವುದಿಲ್ಲ. ಬ್ರಂಚ್ ಬಹುಪಾಲು ಮೊಟ್ಟೆಯ ಕೆಲಸ, ಒಂದೇ ಕಾವಲಿ, ಒಬ್ಬನ ಕೈ. ಆ ಕೈಯೂ ಶನಿವಾರ ಮಧ್ಯರಾತ್ರಿ ದಾಟಿದ ಮೇಲೆ ಒಲೆ ಒರೆಸಿ ಮನೆಗೆ ಹೋಗಿ ಬೆಳಗ್ಗೆ ಮತ್ತೆ ಬಂದದ್ದಾಗಿರುತ್ತದೆ. ಇದರ ಮೇಲೆ ಎಲ್ಲ ಮೇಜುಗಳಿಗೂ ಹನ್ನೊಂದೂವರೆಯ ಹೊತ್ತನ್ನೇ ಕೊಟ್ಟಿದ್ದರೆ ದೇವರೇ ಗತಿ. ಹತ್ತು ಹದಿನೈದು ನಿಮಿಷಗಳ ಅಂತರ ಬಿಟ್ಟು ಜನರನ್ನು ಕೂರಿಸಿದರೆ ಅದೇ ಅಡುಗೆಯವನು ಅದೇ ಕಾವಲಿಯಲ್ಲಿ ಎಲ್ಲರಿಗೂ ಒಳ್ಳೆಯ ಊಟ ಕೊಡುತ್ತಾನೆ. ಈ ತಪ್ಪು ನಡೆಯುವುದು ಫೋನಿನ ಪಕ್ಕದ ಪುಸ್ತಕದಲ್ಲಿ.

ಮೊಗಸಾಲೆ:

ಬೆಂಕಿಮುಂದೆ ಅವರೇ, ನೀವು ಹೇಳಿದ್ದು ಅಕ್ಷರಶಃ ನಿಜವಿರಬೇಕು. ಪಕ್ಕದ ಮೇಜಿನವರು ತಾವು ಕೇಳದ ಒಂದು ತಟ್ಟೆಯನ್ನು ಹಿಂದಕ್ಕೆ ಕಳಿಸಿದ್ದನ್ನು ನಾನೇ ನೋಡಿದೆ. ನಾವು ಒಳಗೆ ಕಾಲಿಟ್ಟಾಗ ಬಾಗಿಲಲ್ಲಿ ಸಾಲು ನಿಂತಿತ್ತು, ಎಲ್ಲರನ್ನೂ ಒಮ್ಮೆಗೇ ಕೂರಿಸಿದರು.

ಇದನ್ನು ಓದಿದ ಮೇಲೆ ಅಡುಗೆಯವರ ಮೇಲಿನ ಸಿಟ್ಟು ಇಳಿಯಿತು. ಆದರೆ ನನ್ನ ನೋವು ಇರುವುದೇ ಬೇರೆ ಕಡೆ. ‘ನಿಮ್ಮ ಒಂದು ತಟ್ಟೆ ತಪ್ಪಿದೆ, ಇನ್ನೂ ಇಪ್ಪತ್ತು ನಿಮಿಷ ಬೇಕು, ಮಕ್ಕಳಿಗೆ ಬ್ರೆಡ್ ತಂದುಕೊಡಲೇ’ ಎಂದು ಒಬ್ಬರು ಬಂದು ಹೇಳಿದ್ದರೆ ನಾವು ಖಂಡಿತ ಕಾಯುತ್ತಿದ್ದೆವು. ಅಥವಾ ಎದ್ದು ಮನೆಗೆ ಹೋಗಿ ಏನಾದರೂ ಮಾಡಿಕೊಳ್ಳುತ್ತಿದ್ದೆವು. ಹೇಳದೆ ಕೂರಿಸಿದ್ದರಿಂದ ಎರಡೂ ತಪ್ಪಿತು.

ಬಡಿಸಿದವಳು:

ಆ ಹುಡುಗಿಯ ಜಾಗದಲ್ಲಿ ನಾನು ಬಹಳ ವರ್ಷ ನಿಂತಿದ್ದೇನೆ, ಅವಳ ಪರವಾಗಿ ಒಂದು ಮಾತು. ‘ಇನ್ನೇನು ಬಂತು’ ಎಂದದ್ದು ಅವಳ ಮಾತಲ್ಲ, ಒಳಗಿನಿಂದ ಅವಳಿಗೆ ಸಿಕ್ಕ ಮಾತು. ಕೇಳಲು ಹೋದರೆ ಬೈಗುಳ, ಕೇಳದಿದ್ದರೆ ಗಿರಾಕಿಯ ಮುಖ. ಆಗ ಬಡಿಸುವವರು ಮಾಡುವುದೇನೆಂದರೆ ನಿಮ್ಮ ಮೇಜಿನ ಕಡೆ ನೋಡುವುದನ್ನೇ ಬಿಡುತ್ತಾರೆ. ನೀವು ಕೈ ಎತ್ತಿದ್ದು ಕಣ್ಣಂಚಿಗೆ ಕಾಣುತ್ತದೆ, ತಲೆ ತಿರುಗುವುದಿಲ್ಲ. ಆ ಕ್ಷಣದ ಸಂಕಟ ನನಗೆ ಗೊತ್ತು.

ಹಾಗೆಂದು ಮೊಗಸಾಲೆ ಅವರ ಮಾತು ತಪ್ಪಲ್ಲ, ನೂರಕ್ಕೆ ನೂರು ಸರಿ. ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದದ್ದನ್ನು ನಾನು ಕೆಲಸ ಮಾಡಿದ ಒಂದು ಕಡೆ ಹೊಸಬರಿಗೆಲ್ಲ ಓದಿಸುತ್ತಿದ್ದರು. ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ತಿಳಿದು ಕಾಯುವುದಕ್ಕಿಂತ ಉದ್ದವೆನಿಸುತ್ತದೆ. ಕಾರಣ ಹೇಳದ ಕಾಯುವಿಕೆ ಕಾರಣ ಹೇಳಿದ್ದಕ್ಕಿಂತ ಉದ್ದ. ತಮಗಿಂತ ಆಮೇಲೆ ಬಂದವರಿಗೆ ಮೊದಲು ಬಡಿಸಿದರೆ ಇನ್ನೂ ಉದ್ದ. ಅಲ್ಲಿ ನಮಗೆ ಸ್ಪಷ್ಟ ಅಪ್ಪಣೆ ಇತ್ತು: ಇಪ್ಪತ್ತು ನಿಮಿಷ ದಾಟಿದ ಪ್ರತಿ ಮೇಜಿಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸಮಯ ಹೇಳುವಾಗ ಎರಡು ನಿಮಿಷ ಹೆಚ್ಚೇ ಹೇಳಬೇಕು, ಮ್ಯಾನೇಜರ್ ಬಾರ್ ಬಿಟ್ಟು ಹೊರಬರಬೇಕು. ಈ ಅಪ್ಪಣೆ ಮೇಲಿನಿಂದ ಬರಬೇಕು. ಆ ಹುಡುಗಿ ತಾನಾಗಿ ಹಾಗೆ ಮಾಡಿದರೆ ಅವಳ ಕೆಲಸಕ್ಕೇ ಕುತ್ತು ಬರಬಹುದು.

ಕೇಳುಗ:

ಎಲ್ಲರೂ ಊಟದ ವಿಷಯ ಮಾತಾಡುತ್ತಿದ್ದೀರಿ, ನನಗೆ ಮಾವನವರ ವಿಷಯವೇ ಹೆಚ್ಚು ತಾಗಿತು. ಕಿವಿಯ ತೊಂದರೆ ಇರುವವರೊಂದಿಗೇ ನನ್ನ ಕೆಲಸ.

ಗದ್ದಲದಲ್ಲಿ ಮನುಷ್ಯರು ತಮಗೆ ಅರಿವಿಲ್ಲದೆಯೇ ದನಿ ಏರಿಸುತ್ತಾರೆ. ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಇದನ್ನು ವಿವರಿಸಿದ, ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ಒಂದು ಮೇಜು ದನಿ ಏರಿಸಿದರೆ ಪಕ್ಕದ ಮೇಜೂ ಏರಿಸುತ್ತದೆ, ಅದರ ಪಕ್ಕದ್ದೂ ಏರಿಸುತ್ತದೆ. ಪಬ್‌ನಲ್ಲಿ ಮರದ ನೆಲ, ಗಾಜು, ಬರಿಯ ಗೋಡೆ. ಸದ್ದನ್ನು ಹೀರುವ ಪರದೆ, ಮೆತ್ತೆ ಏನೂ ಇರುವುದಿಲ್ಲ. ಸಂಗೀತವನ್ನು ಸ್ವಲ್ಪ ತಗ್ಗಿಸಿದರೂ ಇಡೀ ಕೋಣೆಯ ದನಿ ಇಳಿಯುತ್ತದೆ. ನೀವು ಕೇಳಿದ್ದು ಬರಿಯ ನಿಮ್ಮೊಬ್ಬರ ಅನುಕೂಲವಲ್ಲ.

ಶ್ರವಣ ಸಾಧನ ಮಾತನ್ನಷ್ಟೇ ಅಲ್ಲ, ತಟ್ಟೆಯ ಸದ್ದು, ಕುರ್ಚಿ ಎಳೆದ ಸದ್ದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವವರನ್ನು ನಾನು ದಿನವೂ ನೋಡುತ್ತೇನೆ. ಬಹಳ ಮಂದಿ ಆಮೇಲೆ ಹೊರಗೆ ಊಟಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ, ಕಾರಣವನ್ನೂ ಹೇಳುವುದಿಲ್ಲ. ದಯವಿಟ್ಟು ಅವರನ್ನು ಹಾಗೆ ಬಿಡಬೇಡಿ. ಮುಂದಿನ ಸಲ ಗದ್ದಲ ಅವರ ಬೆನ್ನ ಹಿಂದೆ ಬರುವಂತೆ, ಮನೆಯವರು ಎದುರಿಗೆ ಬರುವಂತೆ ಕೂರಿಸಿ. ಹೊಸ ಸಾಧನಗಳಲ್ಲಿ ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ವ್ಯವಸ್ಥೆ ಇರುತ್ತದೆ. ಮಾತಾಡುವವರ ಮುಖದ ಮೇಲೆ ಬೆಳಕಿರಲಿ, ತುಟಿಯ ಚಲನೆ ಕಂಡರೂ ಅರ್ಧ ಮಾತು ತಿಳಿಯುತ್ತದೆ.

ಇನ್ನೊಂದು ಮಾತು ಪಬ್ ನಡೆಸುವವರಿಗೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರ ಕಿವಿಗೆ 85 ಡೆಸಿಬಲ್ ಮಿತಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುತ್ತದೆ. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 91ಕ್ಕೆ ಏರಿದರೆ ಎರಡೇ ಗಂಟೆ. ಗಿರಾಕಿ ಊಟ ಮುಗಿಸಿ ಹೋಗುತ್ತಾನೆ, ಬಡಿಸುವವರು ಅಲ್ಲೇ ಇರುತ್ತಾರೆ.

ಲೆಕ್ಕಪುಸ್ತಕ:

ಒಂದು ನೇರ ಪ್ರಶ್ನೆ. ಊಟ ಸರಿ ಇರಲಿಲ್ಲ ಎಂದರೆ ತಿಂದಿರೇಕೆ, ಹಣ ಕೊಟ್ಟಿರೇಕೆ? ಅಲ್ಲೇ ಹೇಳದೆ ಮನೆಗೆ ಬಂದು ಬರೆದರೆ ಆ ಪಬ್‌ನವರಿಗೆ ಸರಿಪಡಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಸಣ್ಣ ವ್ಯಾಪಾರ ನಡೆಸುವವರಿಗೆ ಒಂದು ಕೆಟ್ಟ ವಿಮರ್ಶೆ ಎಷ್ಟು ಪೆಟ್ಟು ಕೊಡುತ್ತದೆಂದು ನಾನು ಹತ್ತಿರದಿಂದ ಬಲ್ಲೆ.

ಮೊಗಸಾಲೆ:

ಪಬ್‌ನ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ, ಬರೆಯುವುದೂ ಇಲ್ಲ. ಅಲ್ಲೇ ಹೇಳಲಿಲ್ಲ ಎಂಬುದು ಸರಿಯಲ್ಲ. ಮೇಜಿನ ಬಗ್ಗೆ ಹೇಳಿದೆವು, ಸಂಗೀತದ ಬಗ್ಗೆ ಹೇಳಿದೆವು, ತಡವಾದದ್ದನ್ನು ಹೇಳಿದೆವು, ಹಸಿ ಪ್ಯಾನ್‌ಕೇಕನ್ನು ತೋರಿಸಿದೆವು. ಬೇರೆ ತರುತ್ತೇವೆ ಎಂದವರು ತರಲಿಲ್ಲ. ಬಿಲ್ಲಿನ ಹೊತ್ತಿಗೆ ನಾನು ಎದ್ದು ಮ್ಯಾನೇಜರ್ ಬಳಿ ಹೋಗಲಿದ್ದೆ, ಮಾವ ಕಣ್ಣಲ್ಲೇ ಬೇಡ ಎಂದರು. ಮಗಳ ಸಂತೋಷದ ದಿನ ಜಗಳವಾಗುವುದು ಅವರಿಗೆ ಬೇಡವಾಗಿತ್ತು. ಅವರು ಕರೆದ ಊಟ, ಅವರ ಮಾತನ್ನು ಮೀರುವುದು ನನ್ನಿಂದಾಗದು. ಹಸಿದ ಮಕ್ಕಳ ಮುಂದೆ ತಟ್ಟೆ ಬಂದಾಗ ವಾಪಸ್ ಕಳಿಸಿ ಇನ್ನೊಂದು ಮುಕ್ಕಾಲು ಗಂಟೆ ಕಾಯುವ ಧೈರ್ಯ ಯಾವ ತಾಯಿಗಿದೆ?

ಬಡಿಸಿದವಳು:

ಲೆಕ್ಕಪುಸ್ತಕ ಅವರೇ, ಹೇಳುವ ಹೊಣೆಯನ್ನು ಪೂರ್ತಿಯಾಗಿ ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಕುಟುಂಬದ ಮೇಜಿನಲ್ಲಿ ಐವರು ತಿನ್ನುತ್ತಿದ್ದು ಒಬ್ಬರ ಮುಂದೆ ತಟ್ಟೆ ಇಲ್ಲದಿದ್ದರೆ ಅದು ಕೋಣೆಯ ಆ ತುದಿಯಿಂದಲೂ ಕಾಣುತ್ತದೆ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಆದರೂ ಓದುತ್ತಿರುವ ಉಳಿದವರಿಗೆ ನನ್ನ ಅನುಭವದ ಮಾತು: ಏನು ಕೆಟ್ಟಿದೆ ಎಂಬುದರ ಜೊತೆಗೆ ಏನು ಬೇಕು ಎಂಬುದನ್ನೂ ಹೇಳಿ. ‘ಇದು ಹಸಿಯಾಗಿದೆ’ ಎಂದರೆ ನಾವು ಕ್ಷಮೆ ಕೇಳಿ ಹೋಗಿಬಿಡುತ್ತೇವೆ. ‘ಇದು ಹಸಿಯಾಗಿದೆ, ಹೊಸದು ಬೇಡ, ಬಿಲ್ಲಿನಿಂದ ತೆಗೆಯಿರಿ, ಮಗುವಿಗೆ ಈಗಲೇ ಟೋಸ್ಟ್ ಕೊಡಿ’ ಎಂದರೆ ಅಷ್ಟನ್ನು ಮಾಡಲು ನಮಗೂ ದಾರಿ ಸಿಗುತ್ತದೆ. ಟೋಸ್ಟಿಗೆ ಮೂರು ನಿಮಿಷವೂ ಬೇಡ. ಬಿಲ್ಲಿನಲ್ಲಿ ಸೇವಾ ಶುಲ್ಕ ತಾನಾಗಿ ಬಂದಿದ್ದರೆ ಅದು ಕಡ್ಡಾಯವೇ ಎಂದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಸೂಕ್ಷ್ಮದರ್ಶಕ:

ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ಕಾಯಿಸಿಟ್ಟ ಹಾಲಂಡೇಸ್ ಎಂದಾಗ ನನಗೆ ಬೇರೆಯೇ ಚಿಂತೆ. ಬೇಯಿಸಿದ ಆಹಾರವನ್ನು 60 ಡಿಗ್ರಿಗಿಂತ ಬಿಸಿಯಾಗಿಡಿ ಇಲ್ಲವೇ 5 ಡಿಗ್ರಿಗಿಂತ ತಣ್ಣಗಿಡಿ, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಮೀರಿ ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲಂಡೇಸ್ ಬಹಳ ಬಿಸಿಯಾದರೆ ಒಡೆಯುತ್ತದೆ, ಹಾಗಾಗಿ ಅದನ್ನು ಉಗುರುಬೆಚ್ಚಗೆ ಇಡುತ್ತಾರೆ. ಅದರಲ್ಲಿ ಇರುವುದು ಪೂರ್ತಿ ಬೇಯದ ಹಳದಿ. ಮನೆಯಲ್ಲಿ ಯಾರಿಗೂ ಹೊಟ್ಟೆ ಕೆಡಲಿಲ್ಲ ತಾನೇ?

ಮೊಗಸಾಲೆ:

ಇಲ್ಲ, ಎಲ್ಲರೂ ಚೆನ್ನಾಗಿದ್ದೇವೆ. ಸಾಸನ್ನು ನಾನು ಬದಿಗೆ ಸರಿಸಿದ್ದೆ.

ಬೆಂಕಿಮುಂದೆ:

ಸೂಕ್ಷ್ಮದರ್ಶಕ ಅವರು ಹೇಳಿದ್ದು ಸರಿ. ಒಳ್ಳೆಯ ಅಡುಗೆಮನೆಯಲ್ಲಿ ಹಾಲಂಡೇಸನ್ನು ಸ್ವಲ್ಪ ಸ್ವಲ್ಪವೇ ಮಾಡುತ್ತಾರೆ, ಮಾಡಿದ ಹೊತ್ತನ್ನು ಪಾತ್ರೆಯ ಮೇಲೆ ಬರೆಯುತ್ತಾರೆ, ಎರಡು ಗಂಟೆಯಾದರೆ ಚೆಲ್ಲುತ್ತಾರೆ. ಪಾಶ್ಚರೀಕರಿಸಿದ (ರೋಗಾಣು ಸಾಯುವಂತೆ ಹದವಾಗಿ ಕಾಯಿಸಿದ) ಹಳದಿಯನ್ನು ಬಳಸುವವರೂ ಇದ್ದಾರೆ. ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು ಇದ್ದರೆ ಕೇಳಿಯೇ ತರಿಸಿಕೊಳ್ಳಿ.

ಮೊಟ್ಟೆಯನ್ನು ಮಾತ್ರ ಮೊದಲೇ ಮಾಡಿಡಬಹುದು, ಅದನ್ನು ಮೋಸ ಎಂದು ತಿಳಿಯಬೇಡಿ. ಅರೆಬೆಂದ ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ ತಣಿಸಿ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಹಳದಿ ಹರಿಯುತ್ತದೆ. ಆ ಪಬ್‌ನವರು ಶನಿವಾರ ರಾತ್ರಿಯ ಬದಲು ಭಾನುವಾರ ಬೆಳಗ್ಗೆ ಒಬ್ಬನನ್ನು ಒಂದು ಗಂಟೆ ಮುಂಚೆ ಕರೆಸಿ ಇಷ್ಟು ಮಾಡಿಸಿದ್ದರೂ ಸಾಕಿತ್ತು.

ಮೂಲೆಮೇಜು:

ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಮಾತಿಗೆ ಒಂದು ಸೇರಿಸುತ್ತೇನೆ. ಪಬ್‌ನಲ್ಲಿ ಗದ್ದಲ ಇರಲಿ ಎಂದು ಈಗಲೂ ಹೇಳುತ್ತೇನೆ, ಆದರೆ ಬೆಳಗಿನ ಹೊತ್ತು ರಾತ್ರಿಯ ಸಂಗೀತ ನನಗೂ ಹಿಡಿಸುವುದಿಲ್ಲ. ನಾನು ಹೋಗುವ ಪಬ್‌ನಲ್ಲೂ ಬ್ರಂಚ್ ಶುರುವಾದ ಮೇಲೆ ಮಾಮೂಲಿ ಗಿರಾಕಿಗಳಿಗೆ ಕೂರಲು ಜಾಗವಿಲ್ಲ, ಕುಟುಂಬಗಳಿಗೆ ನೆಮ್ಮದಿಯಿಲ್ಲ. ಎರಡೂ ಕಡೆಯವರಿಂದ ಹಣ ಬರಲಿ ಎಂದು ಒಂದೇ ಕೋಣೆಯಲ್ಲಿ ತುಂಬಿದರೆ ಇಬ್ಬರೂ ಮುಖ ತಿರುಗಿಸುತ್ತಾರೆ.

ಮೊಗಸಾಲೆ:

ನಿಮ್ಮೆಲ್ಲರ ಮಾತು ಓದಿಕೊಂಡು ನಿನ್ನೆ ಪಬ್‌ನ ಮ್ಯಾನೇಜರ್‌ಗೆ ಪತ್ರ ಬರೆದೆ. ಮಾವನಿಗೂ ಓದಿ ಹೇಳಿದೆ. ಒಂದು ಸಾಲು ಅವರೇ ಸೇರಿಸಿದರು: ಆರ್ಡರ್ ಬರೆದುಕೊಂಡ ಹುಡುಗಿಯ ಮೇಲೆ ನಮಗೆ ಯಾವ ದೂರೂ ಇಲ್ಲ ಎಂದು. ಹಣ ವಾಪಸ್ ಕೊಡಿ ಎಂದು ಕೇಳಿಲ್ಲ. ಕೇಳಿದ್ದು ಮೂರು ವಿಷಯ: ಮೇಜುಗಳಿಗೆ ಬೇರೆ ಬೇರೆ ಹೊತ್ತು ಕೊಡಿ, ತಡವಾದರೆ ಬಂದು ಹೇಳಿ, ಮಧ್ಯಾಹ್ನದವರೆಗೆ ಸಂಗೀತ ತಗ್ಗಿಸಿ. ಅದಾಗದಿದ್ದರೆ ಫಲಕ ತೆಗೆಯಿರಿ ಎಂದೂ ಬರೆದೆ.

ಇವತ್ತು ಫೋನ್ ಬಂತು. ಬೆಂಕಿಮುಂದೆ ಅವರ ಊಹೆ ಸರಿ, ನನ್ನ ಗಂಡನ ತಟ್ಟೆ ಪಕ್ಕದ ಮೇಜಿಗೆ ಹೋಗಿತ್ತು. ಉಚಿತವಾಗಿ ಊಟ ಕೊಡುತ್ತೇವೆ, ಬನ್ನಿ ಎಂದರು. ಬೇಡ ಎಂದೆ, ಹಣ ಕೊಟ್ಟೇ ತಿನ್ನುತ್ತೇವೆ, ಮೇಲಿನ ಮೂರು ವಿಷಯಕ್ಕೆ ಉತ್ತರ ಕೊಡಿ ಎಂದೆ. ಮೇಜುಗಳ ಹೊತ್ತನ್ನು ಈ ವಾರದಿಂದಲೇ ಬದಲಿಸುತ್ತೇವೆ ಎಂದರು. ಸಂಗೀತದ ವಿಷಯ ಮಾಲೀಕರನ್ನು ಕೇಳಬೇಕಂತೆ. ತಡವಾದರೆ ಹೇಳುವ ವಿಷಯಕ್ಕೆ ‘ನೋಡೋಣ’ ಎಂದರು. ಆ ‘ನೋಡೋಣ’ ನನಗೆ ಸಮಾಧಾನ ತಂದಿಲ್ಲ. ಮೂರರಲ್ಲಿ ಬಿಡಿಗಾಸು ಖರ್ಚಿಲ್ಲದ್ದು ಅದೊಂದೇ.

ಬಡಿಸಿದವಳು:

ನೋಡೋಣ ಎಂದವರಿಂದ ದಿನ ಗೊತ್ತುಮಾಡಿಸಿಕೊಳ್ಳಿ. ಅದೇ ಪತ್ರದ ಕೆಳಗೆ, ಬಡಿಸುವವರಿಗೆ ಇದನ್ನು ಹೇಳಲು ಅಪ್ಪಣೆ ಕೊಟ್ಟಿದ್ದೀರಾ ಎಂಬ ಒಂದೇ ಪ್ರಶ್ನೆ ಬರೆದು ಮತ್ತೆ ಕಳಿಸಿ.

ಕೇಳುಗ:

ಮತ್ತೆ ಹೋಗುವುದಾದರೆ ಬಾಗಿಲು ತೆರೆದ ಕೂಡಲೇ ಹೋಗಿ, ಆಗ ಕೋಣೆ ಅರ್ಧ ಖಾಲಿ ಇರುತ್ತದೆ. ಸ್ಪೀಕರ್ ಎಲ್ಲಿದೆ ಎಂದು ಫೋನಿನಲ್ಲೇ ಕೇಳಿ ಮೇಜು ಗೊತ್ತುಮಾಡಿಕೊಳ್ಳಿ.

ಬೆಂಕಿಮುಂದೆ:

ಮೊದಲು ಹೋದರೆ ಕಾವಲಿಯೂ ಸ್ವಚ್ಛವಾಗಿರುತ್ತದೆ, ಹಾಲಂಡೇಸೂ ಆಗಷ್ಟೇ ಮಾಡಿದ್ದಾಗಿರುತ್ತದೆ. ಮಕ್ಕಳ ತಟ್ಟೆಯನ್ನು ಬೇರೆ ಚೀಟಿಯಲ್ಲಿ ಬರೆಯಲು ಹೇಳಿ. ಬೇರೆ ಚೀಟಿಯಾದರೆ ಅದು ದೊಡ್ಡವರ ತಟ್ಟೆಗೆ ಕಾಯುವುದಿಲ್ಲ.